ಫ್ಯಾಷನ್ ಜಾಹೀರಾತಿನಲ್ಲಿ ಬಟ್ಟೆಯೇ ಕಥೆ ಹೇಳಬೇಕಾದರೆ

ಮೂವತ್ತು ಸೆಕೆಂಡಿನ ಜಾಹೀರಾತಿಗೆ ಒಬ್ಬ ವ್ಯಕ್ತಿ, ಒಂದು ಆಸೆ, ಒಂದು ಕ್ರಿಯೆ ಸಾಕು. ರೈಲು ಹಿಡಿಯಲು ಓಡುವುದು, ಮೆಟ್ಟಿಲಿಳಿದು ಬರುವುದು, ತನ್ನ ಕೋಟು ಬಿಚ್ಚಿ ಇನ್ನೊಬ್ಬರ ಹೆಗಲಿಗೆ ಹೊದಿಸುವುದು, ಇಷ್ಟೇ. ಆದರೆ ಆ ಕ್ರಿಯೆಯನ್ನು ಆರಿಸುವ ಮೊದಲು ಬಟ್ಟೆಯನ್ನು ಕೈಗೆತ್ತಿಕೊಳ್ಳಿ. ಕೊಡವಿ ನೋಡಿ, ಯಾರಿಗಾದರೂ ತೊಡಿಸಿ ನಡೆಸಿ. ಶಿಫಾನ್ ಓಡುವವರ ಹಿಂದೆ ತೇಲುತ್ತದೆ. ದಪ್ಪ ಉಣ್ಣೆಯ ಕೋಟು ಓಟದಲ್ಲಿ ಬರೀ ಕುಲುಕುತ್ತದೆ. ಸರಕ್ಕನೆ ತಿರುಗಿ ನಿಂತಾಗಲೇ ಅದರ ಹೊಲಿಗೆಯ ಕಟ್ಟು ಕಾಣುವುದು. ಬಟ್ಟೆಗೆ ಒಗ್ಗದ ಕ್ರಿಯೆ ಬರೆದುಕೊಂಡರೆ ಆಮೇಲೆ ಯಾವ ಲೆನ್ಸೂ ಕಾಪಾಡುವುದಿಲ್ಲ.

ಬೆಳಕನ್ನೂ ಬಟ್ಟೆಯೇ ನಿರ್ಧರಿಸಲಿ. ಸ್ಯಾಟಿನ್ ಮತ್ತು ರೇಷ್ಮೆ ತಮ್ಮ ಮೇಲೆ ಬಿದ್ದ ದೀಪದ ಆಕಾರವನ್ನೇ ತೋರಿಸುತ್ತವೆ. ಚಿಕ್ಕ ದೀಪವಾದರೆ ಅಲ್ಲಲ್ಲಿ ಸುಟ್ಟಂಥ ಬಿಳಿ ಚುಕ್ಕೆ. 8×8 ಅಡಿಯ ಫ್ರೇಮಿಗೆ ಡಿಫ್ಯೂಷನ್ (ಬೆಳಕನ್ನು ಹರಡಿ ಮೃದುವಾಗಿಸುವ ಬಿಳಿ ಬಟ್ಟೆ) ಕಟ್ಟಿ ಅದರ ಹಿಂದಿನಿಂದ ಬೆಳಕು ಕೊಟ್ಟರೆ ನೆರಿಗೆಯುದ್ದಕ್ಕೂ ಹರಿಯುವ ಹೊಳಪು. ಚಮಕಿ ಕೆಲಸಕ್ಕೆ ಇದು ತಿರುಗಾಮುರುಗಾ. ಅದೇ ಮೃದು ಬೆಳಕಲ್ಲಿ ಚಮಕಿ ಸತ್ತಂತೆ ಕಾಣುತ್ತದೆ, ಅದಕ್ಕೆ ದೂರದ ಚಿಕ್ಕ ಗಡುಸು ದೀಪ ಬೇಕು, ಮೈ ಸ್ವಲ್ಪ ಅಲುಗಿದರೂ ಒಂದೊಂದು ಚಮಕಿ ಬೇರೆ ಬೇರೆ ಕ್ಷಣದಲ್ಲಿ ಮಿನುಗಬೇಕು. ಕಪ್ಪು ವೆಲ್ವೆಟ್ ಎದುರಿನ ಬೆಳಕನ್ನೆಲ್ಲ ನುಂಗಿ ತೂತಿನಂತೆ ಕಾಣುತ್ತದೆ. ಅಲ್ಲಿ ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕು) ಏರಿಸಿದರೆ ಮುಖ ಬೆಳ್ಳಗಾಗುತ್ತದೆಯೇ ಹೊರತು ಬಟ್ಟೆ ಕಾಣುವುದಿಲ್ಲ. ದೀಪವನ್ನು ಪಕ್ಕಕ್ಕೂ ಹಿಂದಕ್ಕೂ ಸರಿಸಿ, ಮಡಿಕೆಗಳ ಅಂಚಿನ ನವಿರು ಎಳೆಗಳು ಬೆಳಗಲಿ. ಉಣ್ಣೆ, ಲಿನನ್‌ಗಳ ನೇಯ್ಗೆ ತೋರಿಸಲು ಬೆಳಕು ಬಟ್ಟೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿರಬೇಕು.

ಓರೆ ಬೆಳಕು ಸುಕ್ಕನ್ನೂ ನೂಲಿನ ಚೂರನ್ನೂ ಬಿಡದೆ ತೋರಿಸುತ್ತದೆ. ಆದ್ದರಿಂದ ಸ್ಟೀಮರ್, ಲಿಂಟ್ ರೋಲರ್, ಕ್ಲಿಪ್‌ಗಳು, ಎರಡೂ ಬದಿ ಅಂಟುವ ಟೇಪು ಕ್ಯಾಮೆರಾ ಪಕ್ಕದಲ್ಲೇ ಇರಲಿ. ಹಬೆ ಕೊಟ್ಟ ಬಟ್ಟೆ ಪೂರ್ತಿ ಒಣಗುವ ಮೊದಲು ತೊಟ್ಟರೆ ಮೊಣಕೈ, ಸೊಂಟದ ಮಡಿಕೆಗಳು ಹಾಗೇ ಕೂರುತ್ತವೆ. ಬೆನ್ನ ಹಿಂದೆ ಕ್ಲಿಪ್ ಹಾಕಿದ್ದರೆ ತಿರುಗುವ ಶಾಟ್‌ಗೆ ಮುನ್ನ ತೆಗೆಸಿ. ಇದು ಮರೆತುಹೋಗುವುದು ಯಾವಾಗಲೂ ಅತ್ಯುತ್ತಮ ಟೇಕಿನಲ್ಲೇ.

ಸ್ಲೋ ಮೋಷನ್ ಅನ್ನು ಲೆಕ್ಕ ಹಾಕಿ ಬಳಸಿ. ಸೆಕೆಂಡಿಗೆ 25 ಫ್ರೇಮಿನ ಬದಲು 100 ಫ್ರೇಮಿನಲ್ಲಿ ತೆಗೆದರೆ ಶಟರ್ ತೆರೆದಿರುವ ಕಾಲ 1/50 ಸೆಕೆಂಡಿನಿಂದ 1/200ಕ್ಕೆ ಇಳಿಯುತ್ತದೆ, ಎಂದರೆ ಎರಡು ಸ್ಟಾಪ್ ಬೆಳಕು ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅಷ್ಟನ್ನು ದೀಪದಿಂದಲೇ ತುಂಬಲು ನಾಲ್ಕು ಪಟ್ಟು ಬೆಳಕು ಬೇಕು. ಮಂದ ಮಾಡಿದ ಎಲ್‌ಇಡಿ ದೀಪಗಳು ಈ ವೇಗದಲ್ಲಿ ಮಿಣುಕಿ ಪಟ್ಟೆ ಮೂಡಿಸಬಹುದು, ಮೊದಲೇ ಒಂದು ಟೆಸ್ಟ್ ಕ್ಲಿಪ್ ತೆಗೆದು ನೋಡಿ. ಎರಡು ಸೆಕೆಂಡಿನ ಸುತ್ತು ಪರದೆಯ ಮೇಲೆ ಎಂಟು ಸೆಕೆಂಡಾಗುತ್ತದೆ, ಜಾಹೀರಾತಿನ ಕಾಲು ಭಾಗಕ್ಕೂ ಹೆಚ್ಚು. ಲಂಗದ ಅಂಚು ಮೇಲೇಳುವ ಆ ಒಂದೂವರೆ ಸೆಕೆಂಡು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವುದೇ ಸರಿ. ಎಲ್ಲ ಶಾಟೂ ನಿಧಾನವಾದರೆ ಯಾವುದಕ್ಕೂ ತೂಕ ಉಳಿಯುವುದಿಲ್ಲ.

ಪೂರ್ಣ ದೇಹದ ಶಾಟ್‌ಗೆ ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50ರಿಂದ 85 ಎಂಎಂ ಲೆನ್ಸ್ ಹಾಕಿ. ಕಣ್ಣಿನ ಮಟ್ಟದಲ್ಲಿ, ಅಗಲದ ಲೆನ್ಸಿನಲ್ಲಿ, ಹತ್ತಿರದಿಂದ ತೆಗೆದರೆ ಕಾಲುಗಳು ಗಿಡ್ಡವಾಗಿ ಉಡುಪಿನ ಅಳತೆಯೇ ಕೆಡುತ್ತದೆ. ಸಣ್ಣ ಚೌಕಳಿ, ಸಣ್ಣ ಪಟ್ಟೆಗಳಲ್ಲಿ ಮ್ವಾರೆ ಎಂಬ ಕಾಮನಬಿಲ್ಲಿನ ಅಲೆಗಳು ಏಳುತ್ತವೆ. ನೇಯ್ಗೆಯ ವಿನ್ಯಾಸ ಸೆನ್ಸರಿನ ಪಿಕ್ಸೆಲ್‌ಗಳಷ್ಟೇ ಸೂಕ್ಷ್ಮವಾದಾಗ ಹೀಗಾಗುತ್ತದೆ. ಕ್ಯಾಮೆರಾವನ್ನು ಕೊಂಚ ಹಿಂದೆ ಮುಂದೆ ಸರಿಸಿ, ಇಲ್ಲವೇ ತೆಳು ಡಿಫ್ಯೂಷನ್ ಫಿಲ್ಟರ್ ಹಾಕಿ. ಎಡಿಟಿಂಗಿನಲ್ಲಿ ಇದನ್ನು ತೆಗೆಯುವುದು ಬಹಳ ಕಷ್ಟ. ಮಾನಿಟರಿನಲ್ಲಿ ಕಂಡ ಅಲೆ ಕೆಲವೊಮ್ಮೆ ಮಾನಿಟರಿನದೇ ಆಗಿರುವುದರಿಂದ ಚಿತ್ರವನ್ನು ಪೂರ್ತಿ ಹಿಗ್ಗಿಸಿ ಖಚಿತ ಮಾಡಿಕೊಳ್ಳಿ.

ಎಡಿಟಿಂಗಿನಲ್ಲಿ ಚಲನೆಯಿಂದ ಚಲನೆಗೆ ಕತ್ತರಿಸಿ: ಕೋಟಿನ ಅಂಚು ಎಡದಿಂದ ಬಲಕ್ಕೆ ಬೀಸಿದರೆ ಮುಂದಿನ ಶಾಟ್ ಅದೇ ದಿಕ್ಕಿನಲ್ಲಿ ಶುರುವಾಗಲಿ. ಉಡುಪು ಪೂರ್ತಿ ಕಾಣುವ ಒಂದು ಶಾಟ್ ಎರಡು ಸೆಕೆಂಡಾದರೂ ನಿಲ್ಲಬೇಕು. ಬಟ್ಟೆಯ ಸರಸರ ಸದ್ದನ್ನು ಅದೇ ಬಟ್ಟೆಯಿಂದ, ಫ್ಯಾನ್ ಆರಿಸಿದ ಸದ್ದಿಲ್ಲದ ಕೋಣೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ.

ಇನ್ನು ಬಣ್ಣ. ಕೊಳ್ಳುವವರು ಪರದೆಯಲ್ಲಿ ಕಂಡ ಕೆಂಪನ್ನೇ ನಿರೀಕ್ಷಿಸುತ್ತಾರೆ. ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಕ್ಯಾಮೆರಾ ಹೊಂದಿಕೆ) ಆಟೋದಲ್ಲಿ ಬಿಡಬೇಡಿ, ಬೆಳಕು ಬದಲಾದಾಗಲೆಲ್ಲ ಕಲರ್ ಚಾರ್ಟನ್ನು (ಗೊತ್ತಾದ ಬಣ್ಣಗಳ ಚೌಕಗಳಿರುವ ಹಲಗೆ) ಒಮ್ಮೆ ಚಿತ್ರೀಕರಿಸಿಕೊಳ್ಳಿ. ಬಿಸಿಲಿನಲ್ಲಿ ಗಾಢ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಬೂದು ಫಿಲ್ಟರ್) ಹಾಕಿದಾಗ ಕೆಲವು ಕಪ್ಪು ಸಿಂಥೆಟಿಕ್ ಬಟ್ಟೆಗಳು ಕಂದುಗೆಂಪಾಗುತ್ತವೆ, ಏಕೆಂದರೆ ಸಾಮಾನ್ಯ ಎನ್‌ಡಿ ಕಾಣುವ ಬೆಳಕನ್ನು ತಡೆದರೂ ಇನ್ಫ್ರಾರೆಡ್ ಅನ್ನು ಅಷ್ಟಾಗಿ ತಡೆಯುವುದಿಲ್ಲ. ಇನ್ಫ್ರಾರೆಡ್ ಅನ್ನೂ ತಡೆಯುವ ಐಆರ್ ಎನ್‌ಡಿ ಬಳಸಿ. ಗ್ರೇಡಿಂಗಿಗೆ (ಎಡಿಟ್ ಆದ ಚಿತ್ರದ ಬಣ್ಣ ತಿದ್ದುವ ಕೆಲಸ) ಕೂರುವಾಗ ಅದೇ ಥಾನಿನ ಒಂದು ತುಂಡನ್ನು ಜೊತೆಗೆ ಒಯ್ದು, ಹಗಲಿನ ಬೆಳಕಿಗೆ ಸಮನಾದ ದೀಪದ ಕೆಳಗೆ ಹಿಡಿದು ಹೋಲಿಸಿ. ದೃಶ್ಯದ ಹಿನ್ನೆಲೆಗೆ ನೀಲಿಯೋ ಹಳದಿಯೋ ಛಾಯೆ ಕೊಡಬೇಕೆನಿಸಿದರೆ ಕೊಡಿ, ಆದರೆ ಉಡುಪಿನ ಭಾಗಕ್ಕೆ ಮಾಸ್ಕ್ ಹಾಕಿ, ಆ ಛಾಯೆ ಉಡುಪಿಗೆ ತಾಗದಂತೆ ನೋಡಿಕೊಳ್ಳಿ.