ಶಿವರಾತ್ರಿ ಬಂತು, ನಾಯಿ ವಾಕಿಂಗ್ ಟೈಮ್ ಬದಲಾಯ್ಸಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ನಾಯಿ ಸಾಕಿರೋ ಮನೆಯಲ್ಲಿ ಅದಕ್ಕಿಂತ ಮುಂಚೇನೇ ಗೊತ್ತಾಗುತ್ತೆ, ಸೋಫಾ ತುಂಬ ಕೂದ್ಲು! ಬೆಂಗಳೂರಲ್ಲಿ ಫೆಬ್ರವರಿ ಮಧ್ಯದಿಂದ ಯುಗಾದಿವರೆಗೆ ನಾಯಿ ಜೊತೆ ನಡೆಯೋಕೆ ವರ್ಷದಲ್ಲೇ ಚೆಂದದ ಕಾಲ. ಆದ್ರೆ ಚಳಿಗಾಲದ ಲೆಕ್ಕಾನೇ ಇಟ್ಕೊಂಡ್ರೆ ಪಾಪ ಅದಕ್ಕೆ ಕಷ್ಟ.

ಮೊದಲು ಅಲಾರಾಂ. ಫೆಬ್ರವರಿ ಶುರುವಲ್ಲಿ ಇಲ್ಲಿ ಸೂರ್ಯ ಹುಟ್ಟೋದು 6.45ರ ಹತ್ರ, ಏಪ್ರಿಲ್ ಮಧ್ಯಕ್ಕೆ 6.05ರ ಆಸುಪಾಸು. ಹಾಗಾಗಿ ವಾರಕ್ಕೆ ಐದೈದು ನಿಮಿಷ ಬೇಗ ಏಳ್ತಾ ಬನ್ನಿ, ನಿಮಗೂ ನಾಯಿಗೂ ಕಷ್ಟ ಅನ್ಸಲ್ಲ. ಚಳೀಲಿ ನಡುಗೋ ಮುಧೋಳದಂಥ ತೆಳುಗೂದಲಿನ ನಾಯಿಗೆ ಹಾಕ್ತಿದ್ದ ಸ್ವೆಟರ್ ಇನ್ನು ಒಳಗಿಡಿ. ಲ್ಯಾಬ್ ಥರದ ದಪ್ಪ ಕೂದಲಿನವಕ್ಕೆ ದಿನಾ ಬಾಚಿ, ಸೆಕೆ ಅಂತ ಬೋಳಿಸೋಕೆ ಮಾತ್ರ ಹೋಗ್ಬೇಡಿ, ಬಿಸಿಲಿಂದ ಚರ್ಮ ಕಾಯೋದೇ ಆ ಕೂದಲು.

ಆಮೇಲೆ ದಾರಿ. ಈ ಟೈಮಲ್ಲಿ ಎಷ್ಟೋ ಮರ ಎಲೆ ಉದುರಿಸಿ ನಿಂತಿರುತ್ತೆ, ಹಳದಿ ಟಬೆಬುಯಾ ಅಂತೂ ಬರೀ ಹೂವು, ನೋಡೋಕೆ ಹಬ್ಬ, ನೆರಳು ಕಮ್ಮಿ. ಹೊಂಗೆ ಹಾಗಲ್ಲ, ಹಳೇ ಎಲೆ ಬೀಳ್ತಿದ್ದ ಹಾಗೇ ಮಿರಮಿರ ಚಿಗುರು ಬಂದುಬಿಡುತ್ತೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರ ತುಂಬ ಸಾಲುಮರ ಹಾಕಿಸಿದ್ರು, ಆ ಪುಣ್ಯದಿಂದ ಹಳೇ ಬಡಾವಣೆಗಳಲ್ಲಿ ಇವತ್ತಿಗೂ ತಂಪಾಗಿ ನಡೀಬಹುದು, ಅಂಥ ಒಂದು ರಸ್ತೆ ಹುಡುಕ್ಕೊಳ್ಳಿ. ಮರ ಇಲ್ವಾ, ರಸ್ತೆಯ ಪೂರ್ವದ ಕಡೆ ಫುಟ್‌ಪಾತ್ ಹಿಡೀರಿ, ಬೆಳಿಗ್ಗೆ ಮನೆಗಳ ನೆರಳು ಬೀಳೋದು ಅಲ್ಲೇ.

ಈಗ ಮುಖ್ಯವಾದ್ದು. ದಯವಿಟ್ಟು ಎಳೀಬೇಡಿ, ಮೂಸೋಕೆ ಬಿಡಿ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಕೋಶ 50-60 ಲಕ್ಷ ಅಂತಾರೆ, ನಾಯಿಗೆ ತಳಿ ನೋಡ್ಕೊಂಡು 10ರಿಂದ 30 ಕೋಟಿ. ರಾತ್ರಿಯ ತಂಪು ಇಳಿದು ನೆಲ ಬೆಚ್ಚಗಾಗೋ ಹೊತ್ತಲ್ಲಿ ವಾಸನೆ ಏಳೋದೂ ಜಾಸ್ತಿ, ಉದುರಿದ ಹೊಂಗೆ ಎಲೆ ರಾಶಿ ಹತ್ರ ನಿಂತ್ಕೊಂಡ್ರೆ ನೋಡಿ, ಮೊದಲು ಮೇಲಿಂದ ಮೂಸುತ್ತೆ, ಮೂಗಿನ ಹೊಳ್ಳೆ ಎರಡೂ ಪಟಪಟ ಅಲ್ಲಾಡುತ್ತೆ, ಆಮೇಲೆ ಒಂದೊಂದೇ ಎಲೆ ಮೂತಿಯಿಂದ ಸರಿಸಿ ಅಡಿಯಲ್ಲಿರೋ ಒದ್ದೆ ಮಣ್ಣು ಹುಡುಕುತ್ತೆ, ಬಾಲ ಒಂದೇ ಮಟ್ಟಕ್ಕೆ ನಿಂತುಬಿಡುತ್ತೆ. ಋತು ಬದಲಾಗೋದನ್ನ ಅದು ಓದೋದೇ ಹೀಗೆ. ಅಷ್ಟು ಹೊತ್ತು ನಿಮಗೆ ಏನ್ ಕೆಲ್ಸ ಅಂದ್ರೆ ತಲೆ ಎತ್ತಿ ನೋಡೋದು, ಅರಳಿ ಮರದ ತಾಮ್ರದ ಬಣ್ಣದ ಚಿಗುರು, ಎಲ್ಲೋ ಕೂಗೋ ಕೋಗಿಲೆ. ಮೊಬೈಲ್ ಜೇಬಲ್ಲಿರ್ಲಿ. ಬೆಲ್ಟು ಸ್ವಲ್ಪ ಉದ್ದದ್ದೇ ತಗೊಳ್ಳಿ, ಬೀದಿನಾಯಿ ಕಂಡಾಗ ಕೈಗೆ ಸುತ್ಕೊಂಡು ಗಿಡ್ಡ ಮಾಡ್ಕೊಂಡ್ರಾಯ್ತು. ಮರಿ ಹಾಕಿರೋ ತಾಯಿ ಇರೋ ಗಲ್ಲಿ ಬಿಟ್ಟು ಪಕ್ಕದ ರಸ್ತೆಗೆ ತಿರುಗಿ, ಅವಳ ಜಾಗ ಅದು.

ಲೇಟಾಯ್ತಾ? ಅಂಗೈ ಹಿಂಭಾಗ ಟಾರ್ ಮೇಲೆ 7 ಸೆಕೆಂಡ್ ಇಡಿ, ಇಡೋಕೆ ಆಗ್ಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೋಬೇಕು. ಪಗ್, ಶಿಟ್ಜು ಥರ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ, ಅವನ್ನ ಬೇಗ ಮನೆಗೆ ಕರ್ಕೊಂಡು ಬನ್ನಿ. ನೀರಿನ ಬಾಟ್ಲು, ಕಕ್ಕ ಎತ್ತೋಕೆ ಪೇಪರ್ರು ಜೊತೆಗಿರ್ಲೇಬೇಕು.

ಮನೆಗೆ ಬಂದ್ಮೇಲೆ ಮೈಮೇಲೆ ಉಣ್ಣೆ ಹುಡುಕಿ, ಅದೇ, ರಕ್ತ ಹೀರೋ ಟಿಕ್. ಸೆಕೆ ಶುರುವಾದ ಹಾಗೆ ಉಣ್ಣೆ ಕಾಟ ಏರುತ್ತೆ, ಮಾರ್ಚ್ ಕೊನೆಗೆ ಒಂದು ರೇವತಿ ಮಳೆ ಬಿತ್ತಂದ್ರೆ ಕೇಳೋದೇ ಬೇಡ. ಕಿವಿ ಒಳಗೆ, ಕತ್ತಿನ ಬೆಲ್ಟ್ ಅಡಿ, ಕಾಲ್ಬೆರಳ ಸಂದಿ, ಬಾಲದ ಬುಡ, ಬೆರಳಾಡಿಸಿದ್ರೆ ಸಣ್ಣ ಗಂಟಿನ ಹಾಗೆ ಸಿಗುತ್ತೆ. ಚಿಮಟದಿಂದ ಚರ್ಮದ ಹತ್ರಾನೇ ಹಿಡಿದು ನೇರ ಎಳೀರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಊಟ ಬಿಟ್ಟು ಮಂಕಾಗಿ ಮಲಗಿದ್ರೆ, ಜ್ವರ ಇದ್ರೆ, ನಾಳೆ ನೋಡೋಣ ಅನ್ಬೇಡಿ, ಟಿಕ್ ಫೀವರ್ ಇರಬಹುದು, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.