ಅಳತೆ ಪುಸ್ತಕದ ಅಂಚಿನಲ್ಲಿ ಶುರುವಾದ ದಿನಚರಿ

ಗೋಕಾಕದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ದಿನಚರಿ ಬರೆಯುವ ಚಟ ಹತ್ತಿದ್ದು ಅಲ್ಲಿಯ ಅಳತೆ ಪುಸ್ತಕದಿಂದ. ಅದಕ್ಕೂ ಮೊದಲು ಎಲ್ಲರ ಹಾಗೆ ಹೊಸ ವರ್ಷಕ್ಕೆ ಯಾರೋ ಕೊಟ್ಟ ದಪ್ಪ ಡೈರಿಯಲ್ಲಿ ಶುರು ಮಾಡಿ, ಸಂಕ್ರಾಂತಿಗೆ ಕುಸುರೆಳ್ಳು ಹಂಚುವಷ್ಟರಲ್ಲಿ ಕೈ ಬಿಡುತ್ತಿದ್ದೆ. ಅದರಲ್ಲಿ ಪುಟಕ್ಕೊಂದು ತಾರೀಖು ಅಚ್ಚಾಗಿರುತ್ತದೆ, ಅಲ್ವಾ? ಎರಡು ದಿನ ತಪ್ಪಿದರೆ ಖಾಲಿ ಪುಟಗಳು ಸಾಲ ಕೊಟ್ಟವರ ಹಾಗೆ ಎದುರಿಗೆ ಬಂದು ನಿಲ್ಲುತ್ತವೆ.

ಅಳತೆ ಪುಸ್ತಕಕ್ಕೆ ಆ ಕಾಟ ಇಲ್ಲ. ಗಿರಾಕಿ ಬಂದರೆ ಬರೆಯಲೇಬೇಕು, ಬಾರದಿದ್ದರೆ ಇಲ್ಲ. ಒಮ್ಮೆ ಒಬ್ಬರು ಗುಳೇದಗುಡ್ಡದ ಹಸಿರು ಖಣ ತಂದರು. ಎದೆ 36, ತೋಳು 10, ಮಗಳ ಕುಬಸ, ಶುಕ್ರವಾರದೊಳಗೆ ಬೇಕು. ಇಷ್ಟು ಬರೆದು, ಅಂಚಿನಲ್ಲಿ ಸುಮ್ನೆ ಇನ್ನೆರಡು ಸಾಲು ಸೇರಿಸಿದೆ: 'ಇದೇ ಮಗಳ ಮದುವೆಗೆ ಅಳತೆ ಕೊಡುವಾಗ ಬಹಳ ಅತ್ತಿದ್ದರು. ಇವತ್ತು ಟೇಪು ಹಿಡಿಯಲಿಕ್ಕೂ ಬಿಡದಷ್ಟು ಮಾತು.' ರಾತ್ರಿ ಅಂಗಡಿ ಮುಚ್ಚುವಾಗ ಓದಿದರೆ, ಆ ದಿನ ಪೂರಾ ಅಲ್ಲಿತ್ತು.

ಆಮೇಲೆ ಪುಸ್ತಕ ಬೇರೆ ಮಾಡಿದೆ. ಗಿರಾಕಿಗಳ ಮನೆ ಮಾತು ಅಂಗಡಿಯಲ್ಲಿ ಕಂಡವರ ಕೈಗೆ ಸಿಗಬಾರದು. ದಿನಚರಿಯಲ್ಲಿ ಅವರ ಹೆಸರನ್ನೂ ಬರೆಯುವುದಿಲ್ಲ. ಸೀರೆಯ ಬಣ್ಣ ಬರೆದರೆ ಸಾಕು, ನನಗೆ ಗೊತ್ತಾಗುತ್ತದೆ. ಗೆರೆ ಇರುವ 200 ಪುಟದ ಲಾಂಗ್ ಬುಕ್ಕು, ತಾರೀಖು ನಾನೇ ಹಾಕುವುದು. ಬರೆಯದ ದಿನ ಅದರಲ್ಲಿ ಕಾಣುವುದೇ ಇಲ್ಲ.

ರಾತ್ರಿ ಮಲಗುವ ಮುಂಚೆ ಬರೆಯಿರಿ ಎಂದು ಹೇಳುವವರೇ ಜಾಸ್ತಿ. ನನಗಂತೂ ಆಗ ಕಣ್ಣು ಎಳೆಯುತ್ತವೆ. ಮಧ್ಯಾಹ್ನ ರೊಟ್ಟಿ ತಿಂದು ಬಂದ ಮೇಲೆ, ಬಿಸಿಲಿಗೆ ಗಿರಾಕಿ ಬರುವುದಿಲ್ಲ. ಕರೆಂಟ್ ಹೋದರೆ ಮಷೀನಿನ ಮೋಟರೂ ನಿಲ್ಲುತ್ತದೆ. ಆಗ ನಾಲ್ಕೈದು ಸಾಲು. ಮೊದಲ ಸಾಲಿಗೆ ಯಾವಾಗಲೂ ಕಣ್ಣಿಗೆ ಕಂಡದ್ದು: ಯಾರು ಬಂದರು, ಮಳೆ ಹೇಗಿತ್ತು, ದಾರದ ರೀಲಿನ ರೇಟು ಎಷ್ಟು ಏರಿತು. ಮನಸ್ಸಿನ ಮಾತು ಮೂರನೇ ಸಾಲಿಗೆ ತಾನೇ ಬರುತ್ತದೆ, ಕರೆಯಬೇಕಾಗಿಲ್ಲ. ಮೊದಮೊದಲು 'ಇಂದು ಮನಸ್ಸು ಉದ್ವಿಗ್ನವಾಗಿತ್ತು' ಅಂತೆಲ್ಲ ಬರೆಯುತ್ತಿದ್ದೆ. ಅಂಥ ಸಾಲಿನ ಮುಂದೆ ಏನು ಬರೆಯಬೇಕೋ ತಿಳಿಯುತ್ತಿರಲಿಲ್ಲ. 'ತೆಲಿ ಕೆಟ್ಟೈತಿ, ಯಾರ ಕೂಡಾನೂ ಮಾತು ಬ್ಯಾಡ' ಅಂತ ಬರೆದರೆ ಯಾಕೆ ಕೆಟ್ಟಿತು ಅನ್ನೋದು ಹಿಂದೆಯೇ ಬರುತ್ತದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಊರೊಳಗೆ ನೀರು ನುಗ್ಗಿತು. ಅಂಗಡಿಯ ಕೆಳಗಿನ ಹಲಗೆಯಲ್ಲಿದ್ದ ಪುಸ್ತಕಗಳೂ ತೊಯ್ದವು. ನೀರು ಇಳಿದ ಮೇಲೆ ತೆಗೆದು ನೋಡಿದರೆ ಜೆಲ್ ಪೆನ್ನಿನ ಪುಟಗಳಲ್ಲಿ ಬರೀ ನೀಲಿ ಕಲೆ. ಬಾಲ್ ಪೆನ್ನಿನಲ್ಲಿ ಬರೆದದ್ದು ಮಾತ್ರ ಓದಲು ಬರುತ್ತಿತ್ತು. ಅದರ ಶಾಯಿ ಎಣ್ಣೆಯದು, ನೀರಿಗೆ ಬಿಡುವುದಿಲ್ಲ. ಪೆನ್ಸಿಲ್ಲಿನದೂ ಉಳಿಯುತ್ತದೆ. ಅಂಟಿದ ಹಾಳೆಗಳನ್ನು ನಾನು ಎಳೆಯಲಿಲ್ಲ. ತಾವಾಗಿ ಬಿಡುವಷ್ಟು ಬಿಡಿಸಿ, ನಡುವೆ ಬಿಳಿ ಹತ್ತಿ ಬಟ್ಟೆಯ ತುಂಡು ಇಟ್ಟು, ಅವು ತೊಯ್ದ ಹಾಗೆಲ್ಲ ಬದಲಿಸಿದೆ. ನೆರಳಲ್ಲಿ, ಫ್ಯಾನಿನ ಕೆಳಗೆ. ಬಿಸಿಲಿಗೆ ಹಾಕಿದರೆ ಕಾಗದ ಸೊಟ್ಟಾಗುತ್ತದೆ.

ಆ ತಿಂಗಳು ಬರೆದಷ್ಟು ಮತ್ಯಾವಾಗಲೂ ಬರೆದಿಲ್ಲ. ಕೆಸರು ಮೆತ್ತಿದ ಮಷೀನು, ಇನ್ನೂ ಫಾಲ್ ಹಚ್ಚದ ಬೇರೆಯವರ ಸೀರೆಗಳು, ಅವರಿಗೆ ಏನು ಹೇಳಲಿ ಅನ್ನೋ ಚಿಂತೆ. ಬರೆದರೆ ಹಗುರಾಗುತ್ತದೆ ಅಂತಾರಲ್ಲ, ಹಾಗೇನೂ ಆಗಲಿಲ್ಲ. ಬರೆದ ದಿನ ಇನ್ನೂ ಭಾರ. ಮನಶ್ಶಾಸ್ತ್ರ ಓದುತ್ತಿದ್ದ ಮಗಳು ಇದಕ್ಕೊಂದು ಪ್ರಯೋಗದ ಕಥೆ ಹೇಳಿದಳು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗ ಹುಡುಗಿಯರಿಂದ ದಿನಕ್ಕೆ 15 ನಿಮಿಷ, ನಾಲ್ಕು ದಿನ, ತಮಗೆ ಆದ ನೋವನ್ನು ಬರೆಸಿದ್ದರಂತೆ. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತ್ತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ದವಾಖಾನೆಗೆ ಹೋಗಿದ್ದು ಕಡಿಮೆ. ನನ್ನ ಲೆಕ್ಕ ಇಷ್ಟೇ: ದೀಪಾವಳಿ ಹೊತ್ತಿಗೆ ಆ ಪುಟಗಳನ್ನು ಮನಸ್ಸು ಭಾರವಾಗದೆ ತೆಗೆದು ಓದಲು ಆಗುತ್ತಿತ್ತು.

ಮನೆಯಲ್ಲಿ ಓದುತ್ತಾರೇನೋ ಅನ್ನೋ ಹೆದರಿಕೆ ಇರುವವರಿಗೆ ಒಂದು ಮಾತು. ಬಚ್ಚಿಟ್ಟರೆ ಹುಡುಕುತ್ತಾರೆ. ನಾನು ಹಳೆ ಅಳತೆ ಪುಸ್ತಕಗಳ ನಡುವೆಯೇ ಇಡುತ್ತೇನೆ, ಈಗ ಮೇಲಿನ ಹಲಗೆಯಲ್ಲಿ. ಯಾರೂ ಮುಟ್ಟಿಲ್ಲ.

ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಹಾಕುತ್ತೇನೆ. ಮದುವೆ, ಸಾಲ ತೀರಿದ್ದು, ಜಡ್ಡು ಜಾಪತ್ರೆ, ಇವುಗಳ ತಾರೀಖು ಅಷ್ಟೇ. ಹೋದ ವರ್ಷ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಕೈ ಜುಮ್ಮೆನ್ನುವುದು ಯಾವಾಗ ಶುರುವಾಯಿತು ಎಂದು ಕೇಳಿದರು. ಅತ್ತೆ 'ಈಗೀಗ' ಅಂದರು. ನಾನು ಪಟ್ಟಿ ತೆಗೆದು, ದಸರಾ ಮುಗಿದ ವಾರದಿಂದ, ಎಡಗೈ ಮಾತ್ರ, ಬೆಳಿಗ್ಗೆ ಜಾಸ್ತಿ ಎಂದು ಓದಿ ಹೇಳಿದೆ. ಡಾಕ್ಟರು ಬರೆದುಕೊಂಡು, ಇನ್ನೂ ಏನೇನು ಬರೆದಿದ್ದೀರಿ ಎಂದು ಕೈ ಚಾಚಿದರು. ಉಳಿದದ್ದು ಅತ್ತೆಯ ಬಗ್ಗೆಯೇ ಇತ್ತು. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.