ಸುದ್ದಿ ಬರುವ ಮೊದಲೇ ಖಾತೆ: ಷೇರು ಬಿಡಬಹುದಾದ ಮ್ಯೂಚುವಲ್ ಬ್ಯಾಂಕ್ ಗುರುತಿಸುವ ಬಗೆ

ಅಮೆರಿಕದ ಮ್ಯೂಚುವಲ್ ಸೇವಿಂಗ್ಸ್ ಬ್ಯಾಂಕಿಗೆ ಷೇರುದಾರರೇ ಇಲ್ಲ. ನಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರ ಷೇರು ಹಣವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ, ಇರುವವರು ಠೇವಣಿದಾರರು ಮಾತ್ರ. 1816ರಲ್ಲಿ ಬಾಸ್ಟನ್ ಮತ್ತು ಫಿಲಡೆಲ್ಫಿಯಾದಲ್ಲಿ ಶುರುವಾದ ಪದ್ಧತಿ ಇದು. ಇಂಥ ಬ್ಯಾಂಕು ಷೇರು ಮಾರಾಟಕ್ಕೆ ಬಿಟ್ಟು ಷೇರು ಬ್ಯಾಂಕಾಗಿ ಬದಲಾದಾಗ (ಇದನ್ನೇ ಪರಿವರ್ತನೆ ಎನ್ನುವುದು) ಕೊಳ್ಳುವ ಮೊದಲ ಹಕ್ಕು ಹಳೆಯ ಠೇವಣಿದಾರರದು. ಬೆಲೆ ಬಹುತೇಕ ಒಂದು ಷೇರಿಗೆ 10 ಡಾಲರ್.

ಆ ಹಕ್ಕಿಗೆ ಯಾಕಿಷ್ಟು ಬೆಲೆ? ಬ್ಯಾಂಕಿನ ಸ್ವಂತ ಬಂಡವಾಳ 10 ಕೋಟಿ ಡಾಲರ್ ಇದೆ ಎನ್ನಿ. ಇನ್ನೂ 10 ಕೋಟಿಯ ಷೇರು ಮಾರುತ್ತದೆ. ಹಳೆಯ ಮಾಲೀಕರು ಇಲ್ಲದ್ದರಿಂದ ಆ ಹಣ ಯಾರ ಜೇಬಿಗೂ ಹೋಗುವುದಿಲ್ಲ, ಬ್ಯಾಂಕಿನಲ್ಲೇ ಉಳಿಯುತ್ತದೆ. ಖರ್ಚು ಮತ್ತು ನೌಕರರ ಷೇರು ಯೋಜನೆಗೆ ಹೋಗುವುದನ್ನು ಕಳೆದರೂ, 10 ಕೋಟಿ ಕೊಟ್ಟವರಿಗೆ ಸುಮಾರು 20 ಕೋಟಿಯ ಬ್ಯಾಂಕು ಸಿಕ್ಕಂತಾಯಿತು. ಹಾಗೆಂದು ಲಾಭ ಖಚಿತವಲ್ಲ. ನ್ಯೂಜೆರ್ಸಿಯ ಬ್ಲೂ ಫೌಂಡ್ರಿ ಬ್ಯಾಂಕ್ 2021ರಲ್ಲಿ 10 ಡಾಲರ್‌ಗೆ ಬಂದು, ಆಮೇಲೆ ಅದಕ್ಕೂ ಕೆಳಗಿಳಿದಿತ್ತು. ಠೇವಣಿಗೆ ಎಫ್‌ಡಿಐಸಿಯ (ಅಮೆರಿಕದ ಸರ್ಕಾರಿ ಠೇವಣಿ ವಿಮಾ ಸಂಸ್ಥೆ) 2,50,000 ಡಾಲರ್‌ವರೆಗಿನ ವಿಮೆ ಇದೆ, ಷೇರಿಗೆ ಇಲ್ಲ.

ಬಹಳ ಜನ ಎಡವುವುದು ದಿನಾಂಕದಲ್ಲಿ. ಮೊದಲ ಸಾಲಿನ ಹಕ್ಕಿಗೆ, ಆಡಳಿತ ಮಂಡಳಿ ಪರಿವರ್ತನೆ ಯೋಜನೆಗೆ ಒಪ್ಪಿಗೆ ಕೊಡುವುದಕ್ಕಿಂತ ಕನಿಷ್ಠ ಒಂದು ವರ್ಷ ಹಿಂದಿನ ಒಂದು ದಿನ ನಿಮ್ಮ ಖಾತೆಯಲ್ಲಿ 50 ಡಾಲರ್ ಅಥವಾ ಹೆಚ್ಚು ಇರಬೇಕು. ಜೂನ್‌ನಲ್ಲಿ ನಿರ್ಣಯವಾದರೆ ಅರ್ಹತೆಯ ದಿನ ಹಿಂದಿನ ವರ್ಷದ ಮೇ ಕೊನೆಗೋ ಅದಕ್ಕೂ ಹಿಂದಕ್ಕೋ ಬಿದ್ದಿರುತ್ತದೆ. ಪತ್ರಿಕೆಯಲ್ಲಿ ಓದಿ ಓಡಿದವರಿಗೆ ಸಿಗುವುದು ಹಿಂದಿನ ಸಾಲು.

ಹುಡುಕಾಟಕ್ಕೆ ಎಫ್‌ಡಿಐಸಿಯ ಬ್ಯಾಂಕ್‌ಫೈಂಡ್ ಮಾಹಿತಿಯಿಂದ ಶುರುಮಾಡಿ. ಬ್ಯಾಂಕು ಮ್ಯೂಚುವಲ್ಲೋ ಷೇರಿನದೋ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಹೆಸರಿನಲ್ಲಿ 'ಸೇವಿಂಗ್ಸ್' ಇದ್ದ ಮಾತ್ರಕ್ಕೆ ಮ್ಯೂಚುವಲ್ ಆಗುವುದಿಲ್ಲ. ಷೇರು ಬ್ಯಾಂಕ್ ಎಂದು ದಾಖಲಾದದ್ದನ್ನೂ ಸುಮ್ಮನೆ ಹೊಡೆದುಹಾಕಬೇಡಿ: ಅದರ ಮೇಲೆ ಮ್ಯೂಚುವಲ್ ಹೋಲ್ಡಿಂಗ್ ಕಂಪನಿ, ಅಂದರೆ ಬ್ಯಾಂಕಿನ ಒಡೆತನ ಹೊತ್ತ, ತನಗೆ ಷೇರುದಾರರಿಲ್ಲದ ಮೇಲ್ಕಂಪನಿ, ಕೂತಿರಬಹುದು. ಅಂಥ ಕಂಪನಿ ಹೊರಗೆ ಒಂದೂ ಷೇರು ಮಾರಿಲ್ಲದೆಯೂ ಇರಬಹುದು, ಅರ್ಧಕ್ಕಿಂತ ಕಡಿಮೆ ಮಾರಿರಲೂಬಹುದು. ಎಸ್‌ಇಸಿಯ (ಅಮೆರಿಕದ ಷೇರುಪೇಟೆ ನಿಯಂತ್ರಕ) ಕಂಪನಿ ದಾಖಲೆಗಳ ಜಾಲತಾಣ ಎಡ್ಗರ್‌ನಲ್ಲಿ ಹೆಸರು ಹಾಕಿದರೆ ಗೊತ್ತಾಗುತ್ತದೆ. ಭಾಗಶಃ ಮಾರಿದವು ಎರಡನೆಯ ಸಲ ಪೂರ್ತಿ ಬದಲಾದಾಗಲೂ ಠೇವಣಿದಾರರಿಗೇ ಮೊದಲ ಸರದಿ. ನ್ಯೂಜೆರ್ಸಿಯ ನ್ಯೂಬ್ರನ್ಸ್‌ವಿಕ್‌ನ ಮಗ್ಯಾರ್ ಬ್ಯಾಂಕ್ 2006ರಲ್ಲಿ ಅರ್ಧ ದಾರಿ ನಡೆದು 2021ರಲ್ಲಿ ಮುಗಿಸಿತು.

ಇನ್ನು ಸೂಚನೆಗಳು. ಬೆಳೆಯುವ ಆಸೆ ಇದ್ದು ಬಂಡವಾಳ ಸಾಲದ ಬ್ಯಾಂಕನ್ನು ಗಮನಿಸಿ, ಏಕೆಂದರೆ ಮ್ಯೂಚುವಲ್‌ಗೆ ಲಾಭ ಉಳಿಸುವುದನ್ನು ಬಿಟ್ಟರೆ ಬಂಡವಾಳ ಸೇರಿಸುವ ದಾರಿ ಕಡಿಮೆ. ಷೇರು ಬ್ಯಾಂಕಿನಿಂದ ಬಂದ ಹೊಸ ಮುಖ್ಯಸ್ಥ, ಊರಿನ ಹೆಸರು ಬಿಟ್ಟು ಇಟ್ಟ ಹೊಸ ಹೆಸರು, ಚಾರ್ಟರ್ (ಬ್ಯಾಂಕಿನ ಪರವಾನಗಿ) ಬದಲಾವಣೆ, ಹೋಲ್ಡಿಂಗ್ ಕಂಪನಿ ರಚನೆ, ಇವೂ ಲೆಕ್ಕಕ್ಕೆ ಬರುತ್ತವೆ. ಬ್ಲೂ ಫೌಂಡ್ರಿಗೆ 2019ರವರೆಗೆ ಬಾಯ್ಲಿಂಗ್ ಸ್ಪ್ರಿಂಗ್ಸ್ ಸೇವಿಂಗ್ಸ್ ಬ್ಯಾಂಕ್ ಎಂಬ ಹೆಸರಿತ್ತು. ಸಾಮರ್ಸೆಟ್ ಸೇವಿಂಗ್ಸ್ 2023ರಲ್ಲಿ ಷೇರು ಬಿಟ್ಟು, ಜೊತೆಗೇ ರೀಗಲ್ ಬ್ಯಾಂಕನ್ನು ಕೊಂಡಿತು. ಅಧಿಕಾರಿಗಳ ಆಸೆಯನ್ನೂ ಮರೆಯಬೇಡಿ: ಪರಿವರ್ತನೆಯ ನಂತರ ಷೇರು ಆಪ್ಶನ್ (ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಸಿಗುತ್ತದೆ, ಮ್ಯೂಚುವಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಇಷ್ಟಾದರೂ ಯಾವ ಸೂಚನೆಯೂ ಭರವಸೆಯಲ್ಲ. ಪಿಟ್ಸ್‌ಬರ್ಗ್‌ನ ಡಾಲರ್ ಬ್ಯಾಂಕ್ ದೊಡ್ಡದಾಗಿ ಬೆಳೆದೂ ಮ್ಯೂಚುವಲ್ ಆಗಿಯೇ ಇದೆ. ಆದ್ದರಿಂದ ಒಂದೇ ಬ್ಯಾಂಕಿಗೆ ಜೋತುಬೀಳದೆ ಐದಾರು ಕಡೆ ಖಾತೆ ಇಡುವುದು ಲೇಸು.

ಅನೇಕ ಬ್ಯಾಂಕುಗಳು ತಮ್ಮ ಜಿಲ್ಲೆ ಅಥವಾ ರಾಜ್ಯದವರಿಗೆ ಮಾತ್ರ, ಅದೂ ಶಾಖೆಗೆ ಬಂದವರಿಗೆ ಮಾತ್ರ ಖಾತೆ ತೆರೆಯುತ್ತವೆ. ನ್ಯೂಜೆರ್ಸಿ, ಮೆಸಾಚುಸೆಟ್ಸ್‌ನ ಕನ್ನಡಿಗರಿಗೆ ಇದು ಅನುಕೂಲ. ಎರಡೂ ಕಡೆ ಇಂಥ ಬ್ಯಾಂಕುಗಳಿವೆ. ತಿಂಗಳ ಶುಲ್ಕ ತಪ್ಪಿಸುವ ಕನಿಷ್ಠ ಮೊತ್ತ ಎಷ್ಟೆಂದು ಕೇಳಿಕೊಂಡು ಅದಕ್ಕಿಂತ ತುಸು ಹೆಚ್ಚು ಇಡಿ. ಬೇಡಿಕೆ ಮಿತಿಮೀರಿದರೆ ಸಾಮಾನ್ಯವಾಗಿ ಮೊದಲು ತಲಾ 100 ಷೇರು ಹಂಚಿ, ಉಳಿದದ್ದನ್ನು ಅರ್ಹತೆಯ ದಿನದ ಠೇವಣಿಯ ಪ್ರಮಾಣದಲ್ಲಿ ಕೊಡುತ್ತಾರೆ. 50 ಡಾಲರ್‌ನವನಿಗೂ 5,000ದವನಿಗೂ ಅಂತರ ಕಾಣುವುದು ಅಲ್ಲೇ. ಗಂಡಹೆಂಡಿರ ಜಂಟಿ ಖಾತೆಗೆ ಇಬ್ಬರ ಹಕ್ಕು ಸಿಗುವುದಿಲ್ಲ, ಬೇರೆ ಬೇರೆ ಖಾತೆಯಿದ್ದರೂ ಒಟ್ಟು ಖರೀದಿಗೆ ಮಿತಿ ಇರುತ್ತದೆ. ಖಾತೆಯನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ವಾರಸುದಾರರಿಲ್ಲದ ಹಣವೆಂದು ರಾಜ್ಯ ಸರ್ಕಾರಕ್ಕೆ ಹೋಗಬಹುದು. ವರ್ಷಕ್ಕೊಮ್ಮೆ ಹತ್ತು ಡಾಲರ್ ಹಾಕಿ.

ಬೆಂಗಳೂರಿಗೆ ವಾಪಸಾದವರು ಇದನ್ನು ಗಮನಿಸಬೇಕು: ವಿದೇಶದಲ್ಲಿ ನೆಲೆಸಿದ ಠೇವಣಿದಾರರಿಗೆ ಪರಿವರ್ತನೆ ಯೋಜನೆಗಳು ಸಾಮಾನ್ಯವಾಗಿ ಷೇರು ಕೊಡುವುದಿಲ್ಲ. ಖಾತೆ ಹಳೆಯದಾಗಿದ್ದರೂ ಅಷ್ಟೇ. ಹಕ್ಕನ್ನು ಬೇರೆಯವರ ಹೆಸರಿಗೆ ಬರೆದುಕೊಡುವುದೂ ಕಾನೂನುಬಾಹಿರ; ಹಣ ನಾನು ಕೊಡುತ್ತೇನೆ, ಲಾಭ ಹಂಚಿಕೊಳ್ಳೋಣ ಎಂದು ಬರುವವರಿಂದ ದೂರವಿರಿ.

ಕೊನೆಗೆ ಅಂಚೆಯಲ್ಲಿ ಷೇರು ಅರ್ಜಿಯ ದಪ್ಪ ಲಕೋಟೆ ಬರುತ್ತದೆ. ಜಾಹೀರಾತೆಂದು ಕಸಕ್ಕೆ ಹಾಕಬೇಡಿ. ಅರ್ಜಿಯಲ್ಲಿ ನಿಮ್ಮ ಎಲ್ಲ ಖಾತೆಗಳ ಸಂಖ್ಯೆ ಬರೆಯಿರಿ, ಅರ್ಹತೆಯ ದಿನದ ಖಾತೆಯಲ್ಲಿದ್ದ ಹೆಸರನ್ನೇ ಕೊಡಿ. ನಿವೃತ್ತಿ ಖಾತೆಯ ಹಣದಿಂದ ಕೊಳ್ಳುವುದಾದರೆ ವರ್ಗಾವಣೆಗೆ ವಾರಗಳೇ ಬೇಕು, ಲಕೋಟೆ ಬಂದ ದಿನವೇ ಶುರುಮಾಡಿ. ಗಡುವಿನ ದಿನ ಅರ್ಜಿ ಅವರ ಕೈ ಸೇರಿರಬೇಕು, ಅಂಚೆ ಮುದ್ರೆಯ ದಿನಾಂಕ ಲೆಕ್ಕಕ್ಕಿಲ್ಲ.